ಕನ್ನಡದಿಂದ ಕನ್ನಡಕ್ಕೆ

ಇದನ್ನು ಬರೀಬೇಕು ಅಂದುಕೊಂಡು ವರ್ಷಗಳೇ ಕಳೆದುಹೋದವು. ಕೂತಾಗಲೆಲ್ಲ ಎರಡು ಸಾಲು ಬರೆಯೋದು, ಅಳಿಸೋದು, ಎದ್ದು ಹೋಗಿ ಟೀ ಕುಡಿಯೋದು. ಯಾಕೆ ಅಂತ ಕೊನೆಯಲ್ಲಿ ನಿಮಗೇ ಗೊತ್ತಾಗುತ್ತೆ. ಇವತ್ತು ಭಾನುವಾರ. ರೂಮಿನಲ್ಲಿ ಕರೆಂಟಿಲ್ಲ, ಲ್ಯಾಪ್‌ಟಾಪಿನಲ್ಲಿ ಅರ್ಧ ಬ್ಯಾಟರಿ ಇದೆ. ಅದು ಮುಗಿಯೋದರೊಳಗೆ ಬರೆದುಬಿಡಬೇಕು :)

ಮೊದಲು ನಮ್ಮ ಟೀಮಿನ ಪರಿಚಯ. ಆಗ ನಾವು ನಾಲ್ಕು ಜನ. ಹೆಸರು ಹಿಡಿದು ಕರೆಯೋ ಅಭ್ಯಾಸವೇ ನಮ್ಮಲ್ಲಿರಲಿಲ್ಲ, ಎಲ್ಲರಿಗೂ ಊರಿನ ಹೆಸರೇ. ಮೈಸೂರು, ಮಂಗಳೂರು, ಕೊಚ್ಚಿ, ಮತ್ತೆ ನಾನು ಬ್ಯಾಡಗಿ. ನಮ್ಮ ಕೆಲಸ ಏನಪ್ಪಾ ಅಂದ್ರೆ, ರೈತರು ಫೋನಿನಲ್ಲಿ ಕನ್ನಡದಲ್ಲಿ ಏನಾದರೂ ಕೇಳಿದರೆ ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಅಕ್ಷರಕ್ಕೆ ಇಳಿಸಬೇಕು. ಇಳಿಸಿದ ಮೇಲೆ ಉತ್ತರ ಹುಡುಕೋದು ಬೇರೆ ಟೀಮಿನ ತಲೆನೋವು. ನಾವು ಕಿವಿ, ಅವರು ತಲೆ.

2022ರ ನವೆಂಬರಿನಲ್ಲಿ ಆಫೀಸಿನಿಂದ ನಮ್ಮನ್ನು ಬೆಂಗಳೂರು ಟೆಕ್ ಸಮ್ಮಿಟ್‌ಗೆ ಕಳಿಸಿದ್ದರು. ಅರಮನೆ ಮೈದಾನದಲ್ಲಿ 16ರಿಂದ 18ರವರೆಗೆ ಮೂರು ದಿನ, ಅದರ 25ನೇ ವರ್ಷದ ಸಡಗರ. ಕೊರಳಲ್ಲಿ ಟ್ಯಾಗು, ಕೈಯಲ್ಲಿ ಪುಗಸಟ್ಟೆ ಸಿಕ್ಕ ಚೀಲ, ಕಾಲಲ್ಲಿ ನೋವು. ವಾಪಸ್ ಬರೋವಾಗ ಕೊಚ್ಚಿ ಕೇಳಿದ, "ನಾವು ದಿನಾ ಕನ್ನಡದ ಮೇಲೇ ಕೆಲಸ ಮಾಡ್ತೀವಲ್ಲ, ಇಂಥದ್ದೇ ದೊಡ್ಡ ಜಾತ್ರೆ ಕನ್ನಡಕ್ಕೇ ಅಂತ ಒಂದು ಇಲ್ವಾ?"

ನಾನು ಥಟ್ಟನೆ ಅಂದೆ, "ಇದೆ. ಜನವರಿಯಲ್ಲಿ. ಅದೂ ನಮ್ಮೂರ ಪಕ್ಕದಲ್ಲೇ!"

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. 1915ರಿಂದ ನಡೆದುಕೊಂಡು ಬಂದಿರೋ ಜಾತ್ರೆ ಅದು. 86ನೆಯದ್ದು ಹಾವೇರಿಯಲ್ಲಿ ಆಗಬೇಕಿತ್ತು, ಕೊರೋನಾ ದೆಸೆಯಿಂದ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 2023ರ ಜನವರಿ 6, 7, 8 ಅಂತ ಗೊತ್ತಾಗಿತ್ತು. ಕವಿ ದೊಡ್ಡರಂಗೇಗೌಡರು ಅಧ್ಯಕ್ಷರು. ಶುಕ್ರವಾರ ಒಂದು ರಜೆ ಹಾಕಿದರೆ ಸಾಕು. ಮೈಸೂರು ಮೊದಲು ಮೂಗು ಮುರಿದಳು, "ಸಾಹಿತ್ಯ ಸಮ್ಮೇಳನಕ್ಕೆ ನಮ್ಮ ತಾತ ಹೋಗ್ತಿದ್ದರು ಕಣೋ" ಅಂತ. ಊಟದ ವಿಷಯ ಹೇಳಿದ ಮೇಲೆ ಒಪ್ಪಿದಳು.

*

ಗುರುವಾರ ರಾತ್ರಿ ರೈಲು ಹತ್ತಿ ಬೆಳಗಿನ ಚಳಿಯಲ್ಲಿ ರಾಣೆಬೆನ್ನೂರಿನಲ್ಲಿ ಇಳಿದೆವು. ಅಲ್ಲಿ ನಮ್ಮ ಸೋದರಮಾವನ ಮನೆ. ಮಾವ ಸ್ಟೇಷನ್ನಿಗೇ ಗಾಡಿ ತಂದಿದ್ದ. ಮನೆ ಮುಟ್ಟೋದರೊಳಗೆ ಅತ್ತೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿಟ್ಟಿದ್ದಳು. ಕೊಚ್ಚಿ ಆರು ಮಿರ್ಚಿ ತಿಂದ. ಏಳನೆಯದ್ದಕ್ಕೆ ಅತ್ತೆಯೇ ಹೆದರಿ, "ಸಾಕ ಬಿಡೋ ಯಪ್ಪಾ, ಮುಂದ ಬ್ಯಾಡಗಿಗೆ ಬ್ಯಾರೆ ಹೊಂಟೀಯಿ" ಅಂದಳು.

ರಾಣೆಬೆನ್ನೂರು ಅಂದರೆ ಹೊರಗಿನವರಿಗೆ ಕೃಷ್ಣಮೃಗದ ಅಭಯಾರಣ್ಯ ನೆನಪಾಗ್ತದೆ. ಆ ಸೀಮೆಯ ರೈತರಿಗೆ ಬೀಜ. ಹತ್ತಿ, ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜವನ್ನು ಹೊಲದಲ್ಲೇ ಕೈಯಿಂದ ಮಾಡ್ತಾರೆ. ಹೆಣ್ಣು ಗಿಡ ಅಂತ ಬಿಟ್ಟಿರೋದರ ಮೊಗ್ಗು ಅರಳೋ ಮುಂಚೆಯೇ ಬಿಡಿಸಿ ಒಳಗಿನ ಗಂಡು ಭಾಗ ಕಿತ್ತುಹಾಕಬೇಕು, ಆಮೇಲೆ ಇನ್ನೊಂದು ತಳಿಯ ಹೂವಿನ ಪರಾಗ ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆ. ಮಾವ ಚಿಮಟ ಹಿಡಿದು ತೋರಿಸಿದ. "ನಿಮ್ಮದು ಸಾಫ್ಟವೇರು, ನಮ್ಮದೂ ಸಾಫ್ಟವೇರ. ಜರಾ ಕೈ ಬಿರುಸಾತಂದ್ರ ಮುಗೀತು!"

ಮಂಗಳೂರು ಅಲ್ಲೇ ಫೋನು ತೆಗೆದು, "ಮಾವ, ಇದರ ಮುಂದೆ ಏನಾದರೂ ಕೇಳಿ" ಅಂದ. ನಮ್ಮ ಪ್ರಾಡಕ್ಟಿನ ಟೆಸ್ಟ್ ವರ್ಶನ್ನು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದ, "ಇವತ್ತ ಮಳಿ ಬರತೈತೇನು?" ಪರದೆ ಮೇಲೆ ಮೂಡಿತು: "ಇವತ್ತು ಮಳೆ ಬರುತ್ತದೆ ಏನು". ನಾವೆಲ್ಲ ಹೋ ಅಂತ ಚಪ್ಪಾಳೆ ತಟ್ಟಿದೆವು. ಮಾವನೂ ಖುಷಿಯಾದ. ಓದಿ ನೋಡಿ, "ಅಡ್ಡಿಯಿಲ್ಲ, ಚಲೋ ತಿದ್ದಿ ಬರದೈತಿ" ಅಂದ.

ತಿದ್ದಿ ಬರೆದೈತಿ. ಆ ಮಾತು ಅವತ್ತು ನನಗೆ ಮೆಚ್ಚುಗೆಯಾಗಿಯೇ ಕೇಳಿಸಿತ್ತು.

*

ಬ್ಯಾಡಗಿಗೆ ಬಂದಾಗ ಮಧ್ಯಾಹ್ನ. ಊರು ಇನ್ನೂ ಕಾಣೋ ಮೊದಲೇ ಮೂಗಿಗೆ ಊರು ಬಂತು. ಮೈಸೂರು ನಾಲ್ಕು ಸಲ ಸೀನಿದಳು. ಕೊಚ್ಚಿ ಕರ್ಚೀಪು ಕಟ್ಟಿಕೊಂಡ. ನಾನು ಮಾತ್ರ ಕಿಟಕಿ ಇಳಿಸಿ ಉಸಿರೆಳೆದುಕೊಂಡೆ. ಹೊರಗಿನವರಿಗೆ ಅದು ಘಾಟು, ನಮಗೆ ಅದು ಮನೆ.

ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಅದರಲ್ಲಿ ಮುಖ್ಯವಾಗಿ ಎರಡು ಜಾತಿ: ಡಬ್ಬಿ, ಕಡ್ಡಿ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಪೂರ. ಎರಡೂ ಒಣಗಿದ ಮೇಲೆ ಮೈಯೆಲ್ಲ ಸುಕ್ಕು ಸುಕ್ಕು. ಖಾರ ಕಡಿಮೆ, ಬಣ್ಣ ಜಾಸ್ತಿ. ಬಣ್ಣಕ್ಕಾಗಿಯೇ ಇದಕ್ಕೆ ಬೆಲೆ. ಇದರಿಂದ ಓಲಿಯೋರೆಸಿನ್ ಅನ್ನೋ ಎಣ್ಣೆಯಂಥ ಸತ್ವ ತೆಗೆದು ತಿಂಡಿ ತಿನಿಸಿಗೂ ಹಾಕ್ತಾರೆ, ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಹಾಕ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಷ್ಟು ಹೇಳೋದರೊಳಗೆ ಮೈಸೂರು ತನ್ನ ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆದು ಅದರ ಹಿಂದಿನ ಸಣ್ಣ ಅಕ್ಷರ ಓದೋಕೆ ಶುರು ಮಾಡಿದ್ದಳು.

ಅಪ್ಪ ಮೂವತ್ತು ವರ್ಷ ಇಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮಾರುಕಟ್ಟೆ ಜೋರಾಗಿ ನಡೆಯೋದು ಸೋಮವಾರ ಮತ್ತು ಗುರುವಾರ. ನಾವು ಹೋದದ್ದು ಶುಕ್ರವಾರ, ಆದರೂ ಹಿಂದಿನ ದಿನದ ಚೀಲಗಳು ಇನ್ನೂ ಸಾಲಾಗಿ ಕೂತಿದ್ದವು. ಅಪ್ಪ ಒಂದೊಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದು, ಒಂದು ಕಾಯಿ ಮುರಿದು, ಬೀಜ ಕುಲುಕಿ, "ಇದು ತ್ಯಾವ ಐತಿ, ಇದು ಮುಂದಿನ ವಾರದ ಮಾಲು, ಇದು ನೋಡು, ಮುಟ್ಟಿದರ ಬಂಗಾರದಂಗ ಸಪ್ಪಳ ಮಾಡತೈತಿ" ಅಂತ ತೋರಿಸ್ತಾ ಹೋದ. ಒಣಗಿದ ಕಾಯಿಗೆ ಸಪ್ಪಳ ಇರ್ತದೆ ಅಂತ ಅವತ್ತೇ ಮೂವರಿಗೂ ಗೊತ್ತಾದದ್ದು. ಟೆಂಡರು ಈಗ ಕಂಪ್ಯೂಟರಿನಲ್ಲಿ. ಪ್ರತಿ ಲಾಟಿಗೂ ಒಂದು ನಂಬರು, ಖರೀದಿದಾರರು ಅಲ್ಲಿ ದರ ನಮೂದಿಸ್ತಾರೆ, ಹೆಚ್ಚು ಹಾಕಿದವರಿಗೆ ಮಾಲು.

ಅಪ್ಪ ಮಾತಾಡ್ತಾ ಇದ್ದ. ಕೊಚ್ಚಿಗೆ ನಾನು ಇಂಗ್ಲೀಷಿನಲ್ಲಿ ಹೇಳ್ತಾ ಇದ್ದೆ, ಸರಿ. ಆದರೆ ಮೈಸೂರೂ ಆಗಾಗ ನನ್ನ ಕಡೆ ತಿರುಗಿ "ಏನಂದ್ರು?" ಅನ್ನೋಳು. ಅವಳಿಗೂ ನಾನು ಹೇಳೋಕೆ ಶುರು ಮಾಡಿದೆ. "ಇದು ಒದ್ದೆಯಿದೆ ಅಂತೆ. ಇದು ಚೆನ್ನಾಗಿ ಒಣಗಿದೆ ಅಂತೆ." ಅಪ್ಪ ಒಂದು ಸಲ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಫೋನು ಅಪ್ಪನ ಮುಂದೆ ಬಂತು. ಮಾರುಕಟ್ಟೆ ದರ ಕೇಳೋದೇ ನಮ್ಮ ಪ್ರಾಡಕ್ಟಿನ ಮೊದಲ ಕೆಲಸ. ಅಪ್ಪನಷ್ಟು ಒಳ್ಳೇ ಪರೀಕ್ಷಕ ಯಾರು ಸಿಗ್ತಾರೆ?

ಅಪ್ಪ ಕೇಳಿದ, "ಡಬ್ಬಿ ಮಾಲ ಇವತ್ತ ಹೆಂಗ ಹೊಂಟೈತಿ?"

ಪರದೆ: "ಡಬ್ಬಿ ಮೇಲೆ ಇವತ್ತು ಹಂಗ ಹೊಂದಿದೆ".

ಅಪ್ಪ ಜೋರಾಗಿ ಕೇಳಿದ. ಇನ್ನೂ ಹದಗೆಟ್ಟಿತು. ನಿಧಾನವಾಗಿ ಕೇಳಿದ. ಯಂತ್ರ ಸುಮ್ಮನಾಯಿತು. ಆಮೇಲೆ ಅಪ್ಪ ಸ್ವಲ್ಪ ನೆಟ್ಟಗೆ ಕೂತು, ಥೇಟ್ ಆಕಾಶವಾಣಿಯ ವಾರ್ತೆ ಓದುವವರ ಹಾಗೆ, "ಡಬ್ಬಿ ಮೆಣಸಿನಕಾಯಿಯ ಇಂದಿನ ಬೆಲೆ ಎಷ್ಟಿದೆ?" ಅಂದ.

ಒಂದಕ್ಷರ ತಪ್ಪಿಲ್ಲದೆ ಬಂತು. ಮತ್ತೆ ಚಪ್ಪಾಳೆ. ಅಪ್ಪ ಮಾತ್ರ ನಗಲಿಲ್ಲ.

"ಇದರ ಮುಂದ ಹಿಂಗ ಮಾತಾಡಬೇಕೇನು? ಸಾಹೇಬರಿಗೆ ಅರ್ಜಿ ಕೊಟ್ಟಂಗ?"

ಯಾಕೆ ಹೀಗಾಗ್ತದೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಯಂತ್ರ ನಮ್ಮ ದನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಂಥ ಚೂರುಗಳಾಗಿ ನೋಡ್ತದೆ. ಪ್ರತಿ ಚೂರಿಗೂ, ಇದು "ಹ" ಇರಬಹುದು, "ಗ" ಇರಬಹುದು ಅಂತ ಅಂದಾಜು ಕಟ್ಟುತ್ತೆ. ಆ ಅಂದಾಜುಗಳಲ್ಲಿ ಯಾವುದನ್ನು ಆರಿಸಬೇಕು ಅನ್ನೋದಕ್ಕೆ, ತಾನು ಮೊದಲು ಓದಿದ ಕನ್ನಡವನ್ನು ನೆನಪು ಮಾಡಿಕೊಳ್ಳುತ್ತೆ. ಅದು ಓದಿದ್ದೇನು? ಹೆಚ್ಚಾಗಿ ಪತ್ರಿಕೆ, ವಿಕಿಪೀಡಿಯ, ಸರಕಾರಿ ಪುಟಗಳು. ಅಲ್ಲೆಲ್ಲ "ಹೊಂಟೈತಿ" ಎಲ್ಲಿ ಬರಬೇಕು? ಹಾಗಾಗಿ ಕಿವಿಗೆ ಸರಿಯಾಗಿ ಬಿದ್ದರೂ, "ಇಂಥ ಪದ ಇಲ್ಲವಲ್ಲ, ಹೊಂದಿದೆ ಇರಬೇಕು" ಅಂತ ತಾನೇ ತಿದ್ದಿಕೊಳ್ಳುತ್ತೆ. ಕ್ಲಾಸಿನಲ್ಲಿ ಮೇಷ್ಟ್ರಿಗೆ ಹೆದರಿದ ಹುಡುಗನ ಹಾಗೆ.

ಇದನ್ನೇ ಅಪ್ಪನಿಗೆ ಹೇಳಿದೆ. ಕೇಳಿದ ಅಪ್ಪ, "ಹಂಗಾರ ಇದೂ ನಿನ್ನಂಗ" ಅಂತ ಎದ್ದು ಹೋಗಿ ಮಲಗಿದ.

*

ಶನಿವಾರ ಬೆಳಿಗ್ಗೆ ಅಪ್ಪನೂ ನಮ್ಮ ಜೊತೆ ಹೊರಟ. ಹೆದ್ದಾರಿಗೆ ಸೇರೋ ಮೋಟೆಬೆನ್ನೂರಿನಲ್ಲಿ ಗಾಡಿ ನಿಧಾನ ಮಾಡಿಸಿ ಮೂವರಿಗೂ ಹೇಳಿದ, "ಇದು ಮೈಲಾರ ಮಹದೇವಪ್ಪನ ಊರು." 1930ರಲ್ಲಿ ಗಾಂಧೀಜಿ ಜೊತೆ ದಂಡಿಯವರೆಗೆ ನಡೆದ ಹುಡುಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಅಪ್ಪ ಇದನ್ನು ಹೇಳೋವಾಗ ಮೈಸೂರಿಗೆ ನನ್ನ ಸಹಾಯ ಬೇಕಾಗಲಿಲ್ಲ. ಅಥವಾ ಬೇಕಾಗಿದ್ದರೂ ಅವಳು ಕೇಳಲಿಲ್ಲ.

ಹಾವೇರಿ... ಏನು ಹೇಳಲಿ! ಊರಿಗೆ ಊರೇ ಹಳದಿ ಕೆಂಪು. ಧೂಳು, ಬಿಸಿಲು, ಮೈಕು, ಪೊಲೀಸರ ಸೀಟಿ, ಶಾಲೆ ಮಕ್ಕಳ ಸಾಲು, ಹೆಗಲ ಮೇಲೆ ಟವೆಲು ಹಾಕಿದ ರೈತರು, ಕೊರಳಲ್ಲಿ ಪ್ರತಿನಿಧಿ ಕಾರ್ಡು ತೂಗುಬಿಟ್ಟುಕೊಂಡ ಮೇಷ್ಟ್ರುಗಳು. "ಇಲ್ಲೂ ಟ್ಯಾಗು ಇದೆ!" ಅಂತ ಕೊಚ್ಚಿಗೆ ಸಮಾಧಾನ. ಗಣ್ಯರ ಕೊರಳಿಗೆ ಹಾವೇರಿಯದ್ದೇ ಏಲಕ್ಕಿ ಹಾರ. ಅದನ್ನು ಹತ್ತಿರದಿಂದ ಮೂಸಿ ನೋಡಬೇಕು ಅಂತ ಮೈಸೂರು ಹಟ ಹಿಡಿದಳು, ಅದು ಮಾತ್ರ ಆಗಲಿಲ್ಲ.

ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಮೂವರ ಹೆಸರು ಇಟ್ಟಿದ್ದರು. ಇವರು ಯಾರು ಅಂತ ಕೊಚ್ಚಿ ಕೇಳಿದ. ಮೂವರೂ ನಮ್ಮ ಜಿಲ್ಲೆಯವರು ಅಂತ ಎದೆಯುಬ್ಬಿಸಿ ಹೇಳಿದೆ. ಬಾಡದ ಕನಕದಾಸರು, ಶಿಶುನಾಳದ ಶರೀಫರು, ಅಬಲೂರಿನವನು ಅಂತ ಪ್ರತೀತಿಯಿರೋ ಸರ್ವಜ್ಞ. ಕನಕದಾಸರ ರಾಮಧಾನ್ಯ ಚರಿತೆಯ ಕತೆ ಹೇಳಿದೆ. ಅಕ್ಕಿಗೂ ರಾಗಿಗೂ ಜಗಳ, ಯಾರು ದೊಡ್ಡವರು ಅಂತ. ಅಕ್ಕಿಗೆ ತಾನು ದೊಡ್ಡವರ ಮನೆಯ ಧಾನ್ಯ ಅಂತ ಜಂಬ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ತೆಗೆದು ನೋಡಿದರೆ ಅಕ್ಕಿ ಸೊರಗಿತ್ತು, ರಾಗಿ ಇದ್ದ ಹಾಗೇ ಇತ್ತು. ಕೊಚ್ಚಿ ತುಂಬಾ ಖುಷಿಪಟ್ಟ. ಅವನು ಅಕ್ಕಿಯವನು ಅಲ್ವಾ, ಆದರೂ :)

ಮಂಗಳೂರು ಮಾತ್ರ ಸ್ವಲ್ಪ ಹೊತ್ತು ವೇದಿಕೆಯ ಹೆಸರನ್ನೇ ನೋಡ್ತಾ ನಿಂತಿದ್ದ. ಅವನ ಮನೆಮಾತು ಬ್ಯಾರಿ, ಓದಿದ್ದು ಕನ್ನಡ ಮೀಡಿಯಂ. ಆ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರಿಗೆ ತಕ್ಕ ಜಾಗ ಕೊಟ್ಟಿಲ್ಲ ಅನ್ನೋ ದೂರು ಎದ್ದಿದ್ದು, ಅದಕ್ಕೆ ಪ್ರತಿರೋಧವಾಗಿ ಜನವರಿ 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆದದ್ದು ನಿಮಗೆ ನೆನಪಿರಬಹುದು. "ಶರೀಫಜ್ಜನ ಹೆಸರು ಮೇಲಿದೆಯಲ್ಲ, ನೋಡಿದೆ" ಅಂತಷ್ಟೇ ಅಂದ. ನಾನು ಏನೋ ಸಮಜಾಯಿಷಿ ಕೊಡೋಕೆ ಹೋದೆ. ಅವನು "ಬಿಡು ಮಾರಾಯ, ಪುಸ್ತಕ ನೋಡುವ" ಅಂತ ಮುಂದೆ ನಡೆದ. ಸಮಜಾಯಿಷಿ ಕೊಡೋದು ಎಷ್ಟು ಸುಲಭ ಅಲ್ವಾ, ನಮ್ಮ ಹೆಸರು ಪಟ್ಟಿಯಲ್ಲಿ ಇರೋವರೆಗೆ.

ಪುಸ್ತಕದ ಮಳಿಗೆಗಳು ಅಂದರೆ ಜಾತ್ರೆಯೊಳಗೆ ಇನ್ನೊಂದು ಜಾತ್ರೆ. ಒಂದು ಮಳಿಗೆಯಲ್ಲಿ ನಾವು ಟೀಮಿನ ಕೆಲಸವನ್ನೂ ಸ್ವಲ್ಪ ಮಾಡಿದೆವು. ಯಂತ್ರಕ್ಕೆ ಓದಿಸೋಕೆ ಒಳ್ಳೇ ಕನ್ನಡ ಬೇಕಲ್ಲ, "ಸಾರ್, ನಿಮ್ಮ ಪುಸ್ತಕಗಳ ಫೈಲು, ಲೇಖಕರು ಒಪ್ಪಿದರೆ, ಸಿಗಬಹುದಾ?" ಅಂತ ಕೇಳಿದೆವು. ಪ್ರಕಾಶಕರು ನಕ್ಕರು. ಎಲ್ಲವೂ ಪೇಜ್‌ಮೇಕರಿನಲ್ಲಿ, ಹಳೇ ನುಡಿ ಫಾಂಟಿನಲ್ಲಿ. ಹಳೇ ಫಾಂಟುಗಳ ಕತೆ ನಿಮಗೆ ಗೊತ್ತೇ ಇದೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲೀಷ್ ಅಕ್ಷರಗಳ ಕೋಡು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಯೂನಿಕೋಡಿಗೆ ಬದಲಾಯಿಸಬಹುದು, ಆದರೆ ಒತ್ತಕ್ಷರ, ಅರ್ಕಾವತ್ತು ಎಲ್ಲೋ ಒಂದು ಕಡೆ ಕೈಕೊಡ್ತವೆ, ಮತ್ತೆ ಕೂತು ಕರಡು ತಿದ್ದಬೇಕು. "ಇಪ್ಪತ್ತು ವರ್ಷದ ಪುಸ್ತಕ ಇದೆಯಪ್ಪಾ, ತಿದ್ದೋರು ಯಾರು?" ಅಂದರು. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ಶೇಷಾದ್ರಿವಾಸು ಬರಹ ಕೊಟ್ಟರು, ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು, ಯೂನಿಕೋಡ್ ಬಂತು. ಇಷ್ಟೆಲ್ಲ ಆದರೂ ಒಂದು ತಲೆಮಾರಿನ ಪುಸ್ತಕಗಳು ಇನ್ನೂ ಆ ಹಳೇ ಪೆಟ್ಟಿಗೆಯಲ್ಲೇ ಇವೆ.

ಅಪ್ಪ ಸರ್ವಜ್ಞನ ವಚನಗಳ ಪುಸ್ತಕ ತೆಗೆದುಕೊಂಡ. ನಾನು ಫೋನಿನಿಂದ ದುಡ್ಡು ಹಾಕಿದೆ. ಮೇಜಿನ ಮೇಲಿದ್ದ ಪುಟ್ಟ ಡಬ್ಬಿ, ರೂಪಾಯಿಗಳನ್ನು ಸ್ವೀಕರಿಸಲಾಗಿದೆ ಅಂತ ಗಂಭೀರವಾಗಿ ಘೋಷಿಸಿತು. ಪಕ್ಕದಲ್ಲಿ ನಿಂತಿದ್ದ ಅಜ್ಜ ಒಬ್ಬರು ಬಗ್ಗಿ ಅದನ್ನೇ ನೋಡಿ, "ಒಳಗ ಯಾರೋ ಮಾಸ್ತರ ಕುಂತಾನ ನೋಡ" ಅಂದರು. ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪ ಅಜ್ಜನ ಕಡೆ ತಿರುಗಿ, "ಆ ಮಾಸ್ತರನ್ನ ಮಾಡಾಂವ ನನ್ನ ಮಗಾನ ರೀ" ಅಂದ. ಹೆಮ್ಮೆಯೋ, ಚುಚ್ಚೋ, ನನಗೆ ಇವತ್ತಿಗೂ ತಿಳಿದಿಲ್ಲ.

ಊಟಕ್ಕೆ ದೊಡ್ಡ ಸರತಿ. ನಮ್ಮ ಮುಂದೆ ಹಿರೇಕೆರೂರು ಕಡೆಯ ಹೆಣ್ಣುಮಕ್ಕಳ ಗುಂಪು. ಅದರಲ್ಲೊಬ್ಬ ಅಜ್ಜಿ ಮೈಸೂರಿನ ಕೈ ಹಿಡಿದುಕೊಂಡು ಮಾತಿಗಿಳಿದಳು. "ಯಾವೂರ ಯವ್ವಾ? ಒಬ್ಬಾಕೀನ ಬಂದೀಯೇನು? ಉಣ್ಣಾಕ ಹೊತ್ತಾಕ್ಕೈತಿ, ಇಲ್ಲೇ ನೆಳ್ಳಾಗ ನಿಂದ್ರು." ಮೈಸೂರು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆದೆ, "ಅವರು ಕೇಳ್ತಿದ್ದಾರೆ, ನೀವು ಒಬ್ಬರೇ..."

ಅಪ್ಪ ಹಿಂದಿನಿಂದ, ಮೆಲ್ಲಗೆ, "ತಮ್ಮಾ, ನೀ ಯಾಕ ಕನ್ನಡದಿಂದ ಕನ್ನಡಕ್ಕ ಹೇಳಾಕತ್ತಿ?"

ನಾನು ಸುಮ್ಮನಾದೆ. ಮೈಸೂರೂ ಸುಮ್ಮನಾದಳು. ಆಮೇಲೆ ಅವಳೇ ಅಜ್ಜಿಯ ಕಡೆ ತಿರುಗಿ ತನ್ನದೇ ಕನ್ನಡದಲ್ಲಿ "ಇಲ್ಲ ಅಜ್ಜಿ, ಫ್ರೆಂಡ್ಸ್ ಜೊತೆ ಬಂದಿದೀನಿ, ಮೈಸೂರು ಕಡೆಯೋಳು" ಅಂದಳು. ಇಬ್ಬರೂ ನಲವತ್ತು ನಿಮಿಷ ಮಾತಾಡಿದರು. ಅಜ್ಜಿಗೆ ಎಷ್ಟು ಅರ್ಥವಾಯಿತೋ, ಇವಳಿಗೆ ಎಷ್ಟೋ. ತಡವರಿಸಿದಲ್ಲಿ ಕೈಸನ್ನೆ, ಮತ್ತೆ ನಗು. ನನ್ನ ಅಗತ್ಯ ಯಾರಿಗೂ ಬೀಳಲಿಲ್ಲ. ರೊಟ್ಟಿ, ಪಲ್ಯೆ, ಶೇಂಗಾ ಚಟ್ನಿ ಹಿಡಿದುಕೊಂಡು ನೆರಳಲ್ಲಿ ಕೂತಾಗ ಅಜ್ಜಿ ತನ್ನ ತಾಟಿನ ಹೋಳಿಗೆಯನ್ನು ಅವಳಿಗೆ ಹಾಕಿದಳು.

*

ಈಗ ನಾನು ಬರೆದು ಬರೆದು ಅಳಿಸ್ತಿದ್ದ ಭಾಗ.

ನಮ್ಮ ಯಂತ್ರಕ್ಕೆ ಪಾಠ ಹೇಳೋಕೆ ಜನರ ಮಾತನ್ನು ರೆಕಾರ್ಡ್ ಮಾಡಿ, ಅದನ್ನು ಕೇಳಿ ಕೈಯಿಂದ ಬರೆಯೋ ಒಂದು ತಂಡ ಹುಬ್ಬಳ್ಳಿಯಲ್ಲಿತ್ತು. ಹೇಗೆ ಬರೀಬೇಕು ಅಂತ ಅವರಿಗೆ ಒಂದು ನಿಯಮಾವಳಿ ಕೊಟ್ಟಿದ್ದೆವು. ಅದರ ಏಳನೇ ನಿಯಮ: ಆಡುರೂಪಗಳನ್ನು ಶಿಷ್ಟರೂಪಕ್ಕೆ ತಿದ್ದಿ ಬರೆಯಿರಿ. ಜೊತೆಗೆ ಒಂದು ಪಟ್ಟಿ. "ಮಾಡಾಕತ್ತಾನ" ಅಂದರೆ "ಮಾಡುತ್ತಿದ್ದಾನೆ". "ಹೊಂಟೈತಿ" ಅಂದರೆ "ಹೊರಟಿದೆ". "ಮಳಿ" ಅಂದರೆ "ಮಳೆ". ಸುಮಾರು ಇನ್ನೂರು ಸಾಲಿನ ಪಟ್ಟಿ.

ಆ ಪಟ್ಟಿ ಬರೆದವನು ನಾನು. ಟೀಮಿನಲ್ಲಿ ಆ ಕಡೆಯ ಮಾತು ಬಲ್ಲವನು ನಾನೊಬ್ಬನೇ ಅಂತ ನನಗೇ ಕೊಟ್ಟಿದ್ದರು. ಒಂದೇ ಸಂಜೆಯಲ್ಲಿ ಬರೆದು ಮುಗಿಸಿ, ಬೇಗ ಮುಗಿಸಿದೆ ಅಂತ ಬೆನ್ನು ತಟ್ಟಿಸಿಕೊಂಡಿದ್ದೆ.

ಇದರಲ್ಲಿ ಇನ್ನೊಂದು ಎಡವಟ್ಟಿದೆ. ಯಂತ್ರ ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದೆ ಅಂತ ಅಳೆಯೋದು ಹೇಗೆ ಅಂದರೆ, ಅದು ಬರೆದದ್ದನ್ನು ಮನುಷ್ಯರು ಬರೆದ ಸರಿಯುತ್ತರದ ಪಕ್ಕ ಇಟ್ಟು, ಎಷ್ಟು ಪದ ಬದಲಾಗಿವೆ, ಎಷ್ಟು ಬಿಟ್ಟುಹೋಗಿವೆ, ಎಷ್ಟು ಹೆಚ್ಚಿಗೆ ಸೇರಿವೆ ಅಂತ ಎಣಿಸಿ, ಸರಿಯುತ್ತರದ ಒಟ್ಟು ಪದಗಳಿಂದ ಭಾಗಿಸೋದು. ಸರಿಯುತ್ತರವನ್ನೇ ನಾವು ತಿದ್ದಿಟ್ಟಿದ್ದೀವಲ್ಲ? ಹಾಗಾಗಿ ಅಪ್ಪ "ಹೊಂಟೈತಿ" ಅಂದದ್ದನ್ನು ಯಂತ್ರ ನಿಯತ್ತಿನಿಂದ "ಹೊಂಟೈತಿ" ಅಂತಲೇ ಬರೆದರೆ, ಅದು ತಪ್ಪು! ಕೇಳಿದ್ದನ್ನು ಕೇಳಿದ ಹಾಗೆ ಬರೆದದ್ದಕ್ಕೆ ಅಂಕ ಕಡಿತ. ತಕ್ಕಡಿಯನ್ನೇ ವಾರೆ ಮಾಡಿಟ್ಟು ತೂಕ ಸರಿಯಿಲ್ಲ ಅಂತ ಅಂದ ಹಾಗೆ. ಮೂವತ್ತು ವರ್ಷ ತಕ್ಕಡಿ ಪಕ್ಕದಲ್ಲೇ ಕೂತವನ ಮಗ ನಾನು.

ಯಾಕೆ ಹಾಗೆ ಬರೆದೆ? ಕೆಲಸದ ಕಾರಣ ಇದೆ, ಒಂದೇ ಪದಕ್ಕೆ ಹತ್ತು ರೂಪ ಇದ್ದರೆ ಉತ್ತರ ಹುಡುಕೋರಿಗೆ ಕಷ್ಟ. ಆದರೆ ಅದು ಅರ್ಧ ಸತ್ಯ. ಇನ್ನರ್ಧ ಏನಂದರೆ, ಇಂಜಿನಿಯರಿಂಗ್ ಮೊದಲ ವರ್ಷ ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು "ಎಲ್ಲಿ ಹೊಂಟೀಯೋ" ಅಂದರೆ ಸಾಕು, ಇಡೀ ಕಾರಿಡಾರು ನನ್ನ ರಾಗ ಎಳೆದು ತೋರಿಸೋದು. ಕೆಟ್ಟವರಲ್ಲ ಅವರು, ತಮಾಷೆ. ಸಿನಿಮಾದಲ್ಲಿ ನಮ್ಮ ಮಾತು ಬಂದಾಗಲೆಲ್ಲ ನಗಿಸೋಕೆ ತಾನೇ ಬರ್ತಿದ್ದದ್ದು! ಎರಡನೇ ಸೆಮಿಸ್ಟರಿನ ಹೊತ್ತಿಗೆ ನನ್ನೊಳಗೇ ಒಂದು ಏಳನೇ ನಿಯಮ ತಯಾರಾಗಿತ್ತು. ಆಫೀಸಿನಲ್ಲಿ ಅದನ್ನು ಟೈಪ್ ಮಾಡಿದೆ, ಅಷ್ಟೇ.

ವಾಪಸ್ ಬಂದ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿದೆವು. ಮೈಸೂರೇ ಮುಂದೆ ನಿಂತು ಮಾತಾಡಿದಳು ಅನ್ನೋದನ್ನು ಹೇಳಲೇಬೇಕು. ಎರಡು ಕಾಲಂ ಮಾಡೋಣ, ಒಂದರಲ್ಲಿ ಆಡಿದ ಹಾಗೆ, ಇನ್ನೊಂದರಲ್ಲಿ ಶಿಷ್ಟರೂಪ. ಕೇಳಿಸಿಕೊಳ್ಳೋ ಪರೀಕ್ಷೆ ಮೊದಲನೇ ಕಾಲಂ ಮೇಲೆ, ಉತ್ತರ ಹುಡುಕೋದು ಎರಡನೆಯದರ ಮೇಲೆ. ಖರ್ಚು ಹೆಚ್ಚು, ಸಮಯ ಹೆಚ್ಚು. ಕೊನೆಗೆ ಹಾವೇರಿ ಸೀಮೆಯ ರೆಕಾರ್ಡುಗಳಿಗೆ ಮಾತ್ರ ಮಾಡಿ ನೋಡಿ ಅಂತ ಒಪ್ಪಿಗೆ ಸಿಕ್ಕಿತು. ಅಷ್ಟಾದರೂ ಆಯಿತಲ್ಲ!

ಮಾದರಿಗೆ ಅಂತ ನಾವು ನಾವೇ ನಮ್ಮ ಮನೆಮಾತಿನಲ್ಲಿ ಐವತ್ತು ಐವತ್ತು ವಾಕ್ಯ ರೆಕಾರ್ಡ್ ಮಾಡಿ ಹುಬ್ಬಳ್ಳಿಗೆ ಕಳಿಸಿದೆವು. ಹೆಸರಿಲ್ಲ, ಬರೀ ನಂಬರು. ನಾನು ಬಹಳ ಉತ್ಸಾಹದಿಂದ ಮಾತಾಡಿದ್ದೆ. ಡಬ್ಬಿ ಮಾಲ ಹೆಂಗ ಹೊಂಟೈತಿ, ಮಳಿ ಬರತೈತೇನು, ಎಲ್ಲ.

ವಾರದ ನಂತರ ಶೀಟು ಬಂತು. ನನ್ನ ಐವತ್ತು ವಾಕ್ಯಗಳ ಮುಂದೆ, ಕೇಳಿ ಬರೆಯೋ ಹುಡುಗಿ ಒಂದೇ ಷರಾ ಹಾಕಿದ್ದಳು:

"ಮಾತು ಸಹಜವಾಗಿಲ್ಲ. ಬೇರೆ ಕಡೆಯವರು ಅನುಕರಣೆ ಮಾಡಿದಂತಿದೆ. ಬಿಡಬಹುದು."

ಅದು ನಾನು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಐವತ್ತೂ ವಾಕ್ಯ ತೆಗೆದುಹಾಕಿದೆ. ಅವಳ ಕಿವಿ ಸರಿಯಾಗಿಯೇ ಇತ್ತು.

*

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ ಆದಾಗ ನಾವು ನಾಲ್ವರೂ ಬೇರೆ ಬೇರೆ ಕಂಪನಿಯಲ್ಲಿದ್ದೆವು. ಆದರೂ ಮೈಸೂರು ಫೋನು ಮಾಡಿ, "ಈ ಸಲ ನಮ್ಮ ಕಡೆ ಕಣೋ, ಬಾ, ಇಲ್ಲಿ ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ" ಅಂತ ರೇಗಿಸಿದಳು. ಹೋಗೋಕೆ ಆಗಲಿಲ್ಲ.

ನಿಮ್ಮಲ್ಲಿ ಒಂದು ಮಾತು ಕೇಳಬೇಕು ಅಂತ ಇಷ್ಟೆಲ್ಲ ಬರೆದೆ. ಈಗಿನ ಯಂತ್ರಗಳು ಕನ್ನಡ ಕಲಿಯೋದು ನಾವು ನೀವು ಬರೆದದ್ದನ್ನು ಓದಿಯೇ. ಕೇಂದ್ರ ಸರಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಅಂತಲೇ ಇದೆ, ಯಾರು ಬೇಕಾದರೂ ದನಿ ಕೊಡಬಹುದು. ಕೊಡಿ. ಆದರೆ ಬರೆಯೋವಾಗಲೂ ಆಗಾಗ, ಒಂದು ಪ್ಯಾರಾ ಆದರೂ, ನಿಮ್ಮ ಅಜ್ಜಿ ಮಾತಾಡೋ ಹಾಗೆ ಬರೀರಿ. ಕುಂದಾಪುರದ್ದೋ, ಕಲಬುರಗಿಯದ್ದೋ, ಕೊಳ್ಳೇಗಾಲದ್ದೋ. ನಾವೇ ತಿದ್ದಿ ತಿದ್ದಿ ಬರೆದರೆ ಯಂತ್ರವೂ ತಿದ್ದಿಯೇ ಕೇಳಿಸಿಕೊಳ್ಳುತ್ತೆ.

ಹೇಳೋದು ಸುಲಭ. ಈ ಇಡೀ ಬರಹವನ್ನೇ ನಾನು ಯಾವ ಕನ್ನಡದಲ್ಲಿ ಬರೆದೆ, ನೋಡಿ...

ನಿನ್ನೆ ರಾತ್ರಿ ಅಪ್ಪ ಫೋನು ಮಾಡಿದ್ದ. "ಊಟಾ ಆತೇನು?"

"ಆಯ್ತು" ಅಂದೆ. ಅಂದ ತಕ್ಷಣ ತಿದ್ದಿಕೊಂಡೆ, "ಆತು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಅಂದ, "ಇರ್ಲಿ ಬಿಡ. ಹೆಂಗ ಬರತೈತೋ ಹಂಗ ಮಾತಾಡ. ನನಗ ತಿಳೀತೈತಿ."

ಬ್ಯಾಟರಿ ಕೆಂಪಾಗಿದೆ. ಬರ್ಲಾ?